ರಸ್ತೆ ಸಾವು ತಗ್ಗಿಸಲು ಜಿಲ್ಲಾ ಯೋಜನೆ: ಎಲ್ಲಿಂದ ಶುರು, ಯಾರ ಹೊಣೆ?

ದೇಶದ ರಸ್ತೆಗಳಲ್ಲಿ 2022ರಲ್ಲಿ ಸತ್ತವರು 1,68,491 ಮಂದಿ. ಇದನ್ನು ತಡೆಯಬೇಕಾದ ವೇದಿಕೆ ಪ್ರತಿ ಜಿಲ್ಲೆಯಲ್ಲೂ ಇದೆ: ಜಿಲ್ಲಾಧಿಕಾರಿ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿ. ಪೊಲೀಸ್, ಸಾರಿಗೆ, ಲೋಕೋಪಯೋಗಿ, ಆರೋಗ್ಯ ಇಲಾಖೆಗಳು ತಮ್ಮ ತಮ್ಮ ಲೆಕ್ಕ ಹಿಡಿದು ಬಂದರೆ ಸಭೆ ಮುಗಿಯುತ್ತದೆ, ಸಾವು ನಿಲ್ಲುವುದಿಲ್ಲ. ಪದೇ ಪದೇ ಅಪಘಾತ ಆಗುವ ಜಾಗಗಳ, ಎಲ್ಲರೂ ಒಪ್ಪಿದ ಒಂದೇ ಪಟ್ಟಿ ಮೊದಲು ಬೇಕು.

ಪಟ್ಟಿ ಮಾಡುವ ಬಗೆ

ಮೂರು ವರ್ಷಗಳ ಸಾವು ಮತ್ತು ತೀವ್ರ ಗಾಯದ ಪ್ರಕರಣಗಳನ್ನು ಎಲ್ಲ ಠಾಣೆಗಳಿಂದ ತರಿಸಿ. ಸುಮಾರು 500 ಮೀಟರ್ ಉದ್ದದಲ್ಲಿ ಮೂರು ವರ್ಷಗಳಲ್ಲಿ ಇಂಥ 5 ಅಪಘಾತ ಅಥವಾ 10 ಸಾವು ಆಗಿದ್ದರೆ ಅದು ಬ್ಲ್ಯಾಕ್‌ಸ್ಪಾಟ್. ಇದು ರಾಷ್ಟ್ರೀಯ ಹೆದ್ದಾರಿಗೆಂದು ಮಾಡಿದ ಅಳತೆ. ರಾಜ್ಯ ಹೆದ್ದಾರಿಗೂ ಜಿಲ್ಲಾ ರಸ್ತೆಗೂ ಇದನ್ನೇ ಹಿಡಿಯಿರಿ.

ಇಲ್ಲಿ ಎರಡು ಕಡೆ ಲೆಕ್ಕ ತಪ್ಪುತ್ತದೆ. ಗಾಯಾಳುವನ್ನು ಬೇರೆ ಊರಿನ ದೊಡ್ಡಾಸ್ಪತ್ರೆಗೆ ಸಾಗಿಸಿ, ಅಲ್ಲಿ ಹತ್ತಾರು ದಿನದ ಬಳಿಕ ಜೀವ ಹೋದರೆ ಜಿಲ್ಲೆಯ ಪಟ್ಟಿಯಲ್ಲಿ ಅದು ಗಾಯವಾಗಿಯೇ ಉಳಿದುಬಿಡಬಹುದು. 30 ದಿನಗಳೊಳಗಿನ ಸಾವು ರಸ್ತೆ ಸಾವೇ. ಹಾಗಾಗಿ ಆಸ್ಪತ್ರೆ ದಾಖಲೆಯನ್ನು ಪ್ರತಿ ತಿಂಗಳು ತಾಳೆ ನೋಡಬೇಕು. ಇನ್ನು ಎಫ್‌ಐಆರ್‌ನಲ್ಲಿ ಕಾರಣದ ಜಾಗದಲ್ಲಿ ‘ಅತಿವೇಗ ಮತ್ತು ಅಜಾಗರೂಕತೆ’ ಎಂದಷ್ಟೇ ಇರುತ್ತದೆ. ಅದನ್ನು ನಂಬಿಕೊಂಡು ಯೋಜನೆ ಮಾಡಿದರೆ ಚಾಲಕರಿಗೆ ಬುದ್ಧಿ ಹೇಳುವ ಫಲಕಗಳಷ್ಟೇ ಏಳುತ್ತವೆ.

ಸ್ಥಳದಲ್ಲಿ ನಕ್ಷೆ

ಪೊಲೀಸ್ ಅಧಿಕಾರಿ ಮತ್ತು ಎಂಜಿನಿಯರ್ ಒಟ್ಟಿಗೇ ಹೋಗಬೇಕು, ಹಗಲಲ್ಲೊಮ್ಮೆ ಮತ್ತು ಸಂಜೆ 6ರಿಂದ 9ರ ನಡುವೆ ಒಮ್ಮೆ. ದೇಶದಲ್ಲಿ ಅತಿ ಹೆಚ್ಚು ಅಪಘಾತ ಆಗುವುದು ಈ ಮೂರು ಗಂಟೆಗಳಲ್ಲಿ. ಪ್ರತಿ ಪ್ರಕರಣದ ವಾಹನ, ಬಂದ ದಿಕ್ಕು, ಗುದ್ದಿದ ಭಾಗವನ್ನು ಒಂದೇ ಹಾಳೆಯಲ್ಲಿ ಬಾಣದ ಗುರುತಿನಿಂದ ಬರೆಯಿರಿ. ಏಳೆಂಟು ಬಾಣ ಬಿದ್ದ ಹೊತ್ತಿಗೆ ರಸ್ತೆಯ ದೋಷ ಕಾಣತೊಡಗುತ್ತದೆ. ವಿಭಜಕದ ಸಂದಿನಲ್ಲಿ ಅಡ್ಡ ಡಿಕ್ಕಿಗಳೇ ಹೆಚ್ಚಿದ್ದರೆ ಸಂದು ಮುಚ್ಚಿ, ಸುರಕ್ಷಿತ ಯು-ಟರ್ನ್ ಕೊಡಿ. ಮುಚ್ಚಿ ಸುಮ್ಮನಾದರೆ ಹಳ್ಳಿಯವರು ಎದುರು ದಿಕ್ಕಿನಲ್ಲೇ ಬೈಕ್ ಓಡಿಸುತ್ತಾರೆ. ಅವರಿಗೆ ಬೇರೆ ದಾರಿ ಇರುವುದಿಲ್ಲ. ಪಾದಚಾರಿಗಳೇ ಸಾಯುತ್ತಿದ್ದರೆ ಬಸ್ ನಿಲ್ದಾಣ ಎಲ್ಲಿದೆ ನೋಡಿ. ಗಂಟೆಗೆ 80 ಕಿ.ಮೀ. ವೇಗದ ರಸ್ತೆಯಲ್ಲಿ ಚಾಲಕನಿಗೆ ಮುಂದಿನ ಸುಮಾರು 120 ಮೀಟರ್ ಕಾಣಲೇಬೇಕು. ತಿರುವಿನ ಪೊದೆ ಕಡಿಯುವುದು ಒಂದು ದಿನದ ಕೆಲಸ, ಮೊದಲು ಅದನ್ನು ಮುಗಿಸಿ.

ಮಂಡ್ಯ, ಬೆಳಗಾವಿ, ಬಾಗಲಕೋಟೆಯ ಕಡೆ ಕಬ್ಬು ಅರೆಯುವ ಹಂಗಾಮಿನಲ್ಲಿ ಹಿಂದೀಪವಿಲ್ಲದ ಟ್ರೇಲರ್‌ಗೆ ಬೈಕ್ ಹಿಂದಿನಿಂದ ಗುದ್ದುವುದು ಬೇರೆಯದೇ ಸಮಸ್ಯೆ. ಹಂಗಾಮು ಶುರುವಾಗುವ ಮೊದಲೇ ಕಾರ್ಖಾನೆಯ ಗೇಟಿನಲ್ಲಿ ಪ್ರತಿಫಲನ ಪಟ್ಟಿ ಅಂಟಿಸಬೇಕು: ಹಿಂದೆ ಕೆಂಪು, ಮುಂದೆ ಬಿಳಿ. ಕಬ್ಬಿನ ಗರಿ ಜೋತುಬಿದ್ದು ಅದನ್ನು ಮುಚ್ಚದ ಜಾಗ ನೋಡಿ ಅಂಟಿಸಿ.

ವೇಗ

ಸರಾಸರಿ ವೇಗ ಶೇ 1ರಷ್ಟು ಏರಿದರೆ ಸಾವು ತರುವ ಅಪಘಾತದ ಸಾಧ್ಯತೆ ಸುಮಾರು ಶೇ 4ರಷ್ಟು ಏರುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕೆಲಸಕ್ಕೆ ಮುಂಚೆ ಪ್ರತಿ ಜಾಗದಲ್ಲೂ ಕನಿಷ್ಠ 100 ವಾಹನಗಳ ವೇಗ ಅಳೆಯಿರಿ. ಸಮವಸ್ತ್ರದವರು ಕಣ್ಣಿಗೆ ಬಿದ್ದರೆ ಆ ಅಳತೆ ಸುಳ್ಳಾಗುತ್ತದೆ. ಊರೊಳಗಿನ ರಸ್ತೆಗೆ ಹಂಪ್ ಹಾಕುವುದಾದರೆ ವಾಹನ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಲಿ, ಮುಂಚಿತ ಫಲಕ ಮತ್ತು ಬಣ್ಣ ಕಡ್ಡಾಯ. ಗ್ರಾಮಸ್ಥರ ಒತ್ತಾಯಕ್ಕೆ ರಾತ್ರೋರಾತ್ರಿ ಎದ್ದ ಕಿರಿದಾದ ಕಡಿದಾದ ದಿಬ್ಬ ಬೈಕ್ ಸವಾರನನ್ನೇ ಎತ್ತಿ ಹಾಕುತ್ತದೆ.

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 2023ರ ಆಗಸ್ಟ್ 1ರಿಂದ ಬೈಕ್, ಆಟೊಗಳನ್ನು ಮುಖ್ಯ ಪಥದಿಂದ ಹೊರಗಿಟ್ಟು, ವೇಗದ ಮೇಲೆ ನಿಗಾ ಬಿಗಿ ಮಾಡಿದ ಬಳಿಕ ಸಾವು ಗಣನೀಯವಾಗಿ ಇಳಿಯಿತು. ಎರಡೂ ಒಟ್ಟಿಗೆ ನಡೆದದ್ದು ಇಲ್ಲಿ ಮುಖ್ಯ.

ಗಾಯಾಳುವಿಗೆ

ಆಂಬ್ಯುಲೆನ್ಸ್‌ಗೆ ಕರೆ ಹೋದದ್ದು, ಅದು ಸ್ಥಳಕ್ಕೆ ಬಂದದ್ದು, ಆಸ್ಪತ್ರೆ ಮುಟ್ಟಿದ್ದು, ಈ ಮೂರೂ ಸಮಯ ಬರೆದಿಡಿ. ತಡ ಎಲ್ಲಿ ಎಂಬುದು ಅಲ್ಲೇ ಸಿಗುತ್ತದೆ. 2025ರ ನಗದುರಹಿತ ಚಿಕಿತ್ಸಾ ಯೋಜನೆಯಡಿ ಏಳು ದಿನಗಳವರೆಗೆ ₹1.5 ಲಕ್ಷದ ಚಿಕಿತ್ಸೆ ಇದೆ. ಯಾವ ಆಸ್ಪತ್ರೆಗಳು ಇದರಲ್ಲಿವೆ ಎಂಬ ಪಟ್ಟಿ ಠಾಣೆಯಲ್ಲೂ ಆಂಬ್ಯುಲೆನ್ಸ್‌ನಲ್ಲೂ ತೂಗುಹಾಕಿರಲಿ.

ಪರಿಶೀಲನೆ

ಪಟ್ಟಿಯ ಪ್ರತಿ ಸಾಲಿಗೂ ಒಬ್ಬ ಅಧಿಕಾರಿಯ ಹುದ್ದೆ, ಹಣದ ಮೂಲ, ಮುಗಿಸುವ ದಿನಾಂಕ ಇರಬೇಕು. ‘ಸಂಬಂಧಪಟ್ಟ ಇಲಾಖೆ’ ಎಂದು ಬರೆದ ಸಾಲು ಮುಂದಿನ ಸಭೆಗೂ ಹಾಗೇ ಬರುತ್ತದೆ. ಕಾಮಗಾರಿಯ ನಂತರ ವೇಗವನ್ನು ಮೂರು ತಿಂಗಳಿಗೇ ಮತ್ತೆ ಅಳೆಯಿರಿ. ಸಾವಿನ ಲೆಕ್ಕಕ್ಕೆ ಮಾತ್ರ ಅವಸರ ಬೇಡ: ಕೆಟ್ಟ ವರ್ಷವೊಂದರ ನಂತರ ಏನೂ ಮಾಡದಿದ್ದರೂ ಸಂಖ್ಯೆ ಇಳಿಯುವುದುಂಟು. ಮೂರು ವರ್ಷವನ್ನು ಮೂರು ವರ್ಷದ ಜೊತೆಗೇ ಹೋಲಿಸಿ.