ಗೋಡೌನಿಗೆ ಫ್ಯಾನು: ಮೊದಲು ಗಾಳಿ ಬರುವ ದಾರಿ ನೋಡಿ

ಮಾರ್ಚ್ ಬಂತೆಂದರೆ ಪೀಣ್ಯ, ಬೊಮ್ಮಸಂದ್ರ, ನೆಲಮಂಗಲ ಕಡೆಯ ಶೀಟಿನ ಗೋಡೌನುಗಳಲ್ಲಿ ಫ್ಯಾನಿನ ಮಾತು ಏಳುತ್ತದೆ. ಗೋಡೆ ಒಡೆದು ಎರಡು ದೊಡ್ಡ ಎಕ್ಸಾಸ್ಟ್ ಕೂರಿಸುತ್ತಾರೆ. ಸೆಕೆ ಹಾಗೇ ಇರುತ್ತದೆ. ಮೂರನೆಯದು ತರುತ್ತಾರೆ. ಹೆಚ್ಚಿನ ಕಡೆ ತಪ್ಪು ಫ್ಯಾನಿನದಲ್ಲ. ಹೊರಗೆ ಹೋದಷ್ಟೇ ಗಾಳಿ ಒಳಗೂ ಬರಬೇಕು. ಅದು ಎಲ್ಲಿಂದ ಬರುತ್ತದೆ, ಯಾವ ದಾರಿ ಹಿಡಿಯುತ್ತದೆ ಅಂತ ಯಾರೂ ನೋಡಿರುವುದಿಲ್ಲ.

ಲೆಕ್ಕ ಸುಲಭ. 100 ಅಡಿ ಉದ್ದ, 60 ಅಡಿ ಅಗಲ, ಸರಾಸರಿ 24 ಅಡಿ ಎತ್ತರದ ಗೋಡೌನ್ ಅಂದರೆ 1,44,000 ಘನ ಅಡಿ. ಬರೀ ಸರಕು ಇಡುವ ಜಾಗಕ್ಕೆ ಗಂಟೆಗೆ 10 ಸಲ ಗಾಳಿ ಬದಲಾದರೆ ಸಾಕು. ಜನ ನಿಂತು ಪ್ಯಾಕಿಂಗ್ ಮಾಡುವಲ್ಲಿ 15 ಇಟ್ಟುಕೊಳ್ಳಿ. 15ರಿಂದ ಗುಣಿಸಿ 60ರಿಂದ ಭಾಗಿಸಿದರೆ ನಿಮಿಷಕ್ಕೆ 36,000 ಘನ ಅಡಿ, ಅಂಗಡಿಯವರ ಭಾಷೆಯಲ್ಲಿ 36,000 ಸಿಎಫ್‌ಎಂ. ಕ್ಯಾಟಲಾಗಿನ ಅಂಕಿಯನ್ನು ಹಾಗೇ ನಂಬಬೇಡಿ. ಅದು ಸಾಮಾನ್ಯವಾಗಿ ಮುಂದೆ ಹಿಂದೆ ಏನೂ ಅಡ್ಡವಿಲ್ಲದಾಗ ಅಳೆದದ್ದು. ಜಾಲರಿ, ಲೂವರ್ (ಓರೆ ಪಟ್ಟಿಗಳ ಮುಚ್ಚಿಗೆ), ಧೂಳು ಸೇರಿದರೆ ಮುಕ್ಕಾಲು ಪಾಲು ಸಿಕ್ಕಿದರೆ ಪುಣ್ಯ. 24,000 ಅಂತ ಬರೆದಿದ್ದರೆ 18,000 ಹಿಡಿಯಿರಿ. ಅಂಥವು ಎರಡು ಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿನ ಗಾಳಿ ಹತ್ತರಲ್ಲಿ ಒಂದು ಪಾಲಿನಷ್ಟು ತೆಳುವಾಗಿರುವುದರಿಂದ ಅದೇ ಸಿಎಫ್‌ಎಂ ಹೊರುವ ಶಾಖವೂ ಅಷ್ಟು ಕಡಿಮೆ. ಲೆಕ್ಕವನ್ನು ತೀರಾ ಬಿಗಿಯಾಗಿ ಇಡಬೇಡಿ.

ಇನ್ನು ಗಾಳಿ ಬರುವ ಕಿಂಡಿ. ನಿಮಿಷಕ್ಕೆ 500 ಅಡಿ ವೇಗದಲ್ಲಿ ಒಳಬರಲಿ ಎಂದುಕೊಂಡರೆ 36,000ಕ್ಕೆ 72 ಚದರ ಅಡಿ ತೆರಪು ಬೇಕು. ಲೂವರ್‌ಗಳಲ್ಲಿ ನಿಜವಾಗಿ ತೆರೆದಿರುವುದು ಹೆಚ್ಚುಕಡಿಮೆ ಅರ್ಧ, ಹಾಗಾಗಿ ಗೋಡೆಯಲ್ಲಿ 144 ಚದರ ಅಡಿ ಬಿಡಬೇಕು. ಇಷ್ಟು ಕೇಳಿದರೆ ಮಾಲೀಕರು ಹೌಹಾರುತ್ತಾರೆ, ಕೊನೆಗೆ ಎರಡು ಸಣ್ಣ ಕಿಟಕಿಗೆ ಇಳಿಯುತ್ತದೆ. ಆಗ ಫ್ಯಾನು ಸದ್ದು ಮಾಡುತ್ತದೆ, ಕರೆಂಟು ಎಳೆಯುತ್ತದೆ, ಗಾಳಿ ಮಾತ್ರ ಸಾಗುವುದಿಲ್ಲ. ಫ್ಯಾನು ಓಡುವಾಗ ಹೊರಕ್ಕೆ ತೆರೆಯುವ ಸಣ್ಣ ಬಾಗಿಲನ್ನು ತಳ್ಳಿ ನೋಡಿ. ಯಾರೋ ಹಿಡಿದು ಎಳೆದಂತೆ ಬಿಗಿಯಾಗಿದ್ದರೆ ಒಳಗೆ ಗಾಳಿ ಸಾಲದು.

ಎಕ್ಸಾಸ್ಟ್ ಒಂದು ಕಿರುಗೋಡೆಯಲ್ಲಿ (ಅಗಲದ ಬದಿಯದು), ಕಿಂಡಿ ಎದುರಿನ ಕಿರುಗೋಡೆಯಲ್ಲಿ ಇರಲಿ. ಎಕ್ಸಾಸ್ಟ್ ಸೂರಿನ ಮಟ್ಟಕ್ಕೆ ಎಷ್ಟು ಮೇಲಾದರೆ ಅಷ್ಟು ಒಳ್ಳೆಯದು, ಕಿಂಡಿ ನೆಲದಿಂದ ಎರಡು-ಮೂರು ಅಡಿ ಮೇಲೆ. 60 ಅಡಿ ಗೋಡೆಗೆ ಎರಡು ಫ್ಯಾನು ಅಂದರೆ ಪ್ರತಿ ಮೂಲೆಯಿಂದ 15 ಅಡಿಗೆ ಒಂದೊಂದು. ಪಕ್ಕಪಕ್ಕ ಕೂರಿಸಿದರೆ ಎರಡು ಬದಿಯೂ ಸತ್ತ ಮೂಲೆಯಾಗುತ್ತದೆ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮ, ನೈಋತ್ಯದ ಗಾಳಿಯೇ ಹೆಚ್ಚು. ಆದ್ದರಿಂದ ಸಾಧ್ಯವಿದ್ದಲ್ಲಿ ಎಕ್ಸಾಸ್ಟ್ ಪೂರ್ವಕ್ಕೆ ಹೋಗಲಿ, ಇಲ್ಲದಿದ್ದರೆ ಎದುರುಗಾಳಿಗೆ ದುಡಿಯಬೇಕಾಗುತ್ತದೆ. ಪಶ್ಚಿಮದ ಕಿಂಡಿಗೆ ನಾಲ್ಕು ಅಡಿ ಛಾವಣಿ ಚಾಚಿದರೆ ಸಂಜೆ ಬಿಸಿಲಿಗೂ ಮಳೆ ಎರಚಲಿಗೂ ಆಗುತ್ತದೆ. ಪಕ್ಕದ ಕಾಂಪೌಂಡ್ ಹತ್ತಿರವಿದ್ದರೆ ಫ್ಯಾನಿನ ಮುಂದೆ ಅದರ ವ್ಯಾಸದ ಒಂದೂವರೆಯಷ್ಟಾದರೂ ಖಾಲಿ ಬಿಡಿ. 50 ಇಂಚಿಗೆ ಆರು ಅಡಿಗೂ ಮೇಲೆ.

ಎಲ್ಲಕ್ಕಿಂತ ಹೆಚ್ಚು ಕಾಣುವ ಎಡವಟ್ಟು: ಎಕ್ಸಾಸ್ಟ್ ಪಕ್ಕದಲ್ಲೇ ರೋಲಿಂಗ್ ಷಟರ್ ದಿನವಿಡೀ ತೆರೆದಿರುವುದು. ಗಾಳಿ ಷಟರಿನಿಂದ ಬಂದು ಹಾಗೇ ಫ್ಯಾನಿಗೆ ಹೋಗುತ್ತದೆ, ಒಳಗಿನ 80 ಅಡಿ ಹಬೆಯಾಡುತ್ತಲೇ ಇರುತ್ತದೆ. ಇನ್ನೊಂದು ಕಣ್ಣಿಗೆ ಬೀಳದ್ದು: ಶೀಟಿನ ಮೇಲೆ ಗಾಳಿಗೆ ತಾನೇ ತಿರುಗುವ ಟರ್ಬೊ ವೆಂಟಿಲೇಟರ್ ಇದ್ದು, ಕೆಳಗೆ ಕಿಂಡಿ ಕಡಿಮೆ ಇದ್ದರೆ, ಎಕ್ಸಾಸ್ಟ್ ಆ ಟರ್ಬೊಗಳ ಮೂಲಕವೇ ಗಾಳಿ ಎಳೆಯುತ್ತದೆ, ಅದೂ ಕಾದ ಶೀಟಿನ ಮೇಲಿನ ಬಿಸಿಗಾಳಿ. ಗಳುವಿನ ತುದಿಗೆ ರಿಬ್ಬನ್ ಕಟ್ಟಿ ಟರ್ಬೊ ಬಾಯಿಗೆ ಹಿಡಿಯಿರಿ. ಕೆಳಕ್ಕೆ ಹಾರಿದರೆ ಕಿಂಡಿ ಹೆಚ್ಚಿಸಿ.

ರ‍್ಯಾಕಿನ ಓಣಿಗಳು ಗಾಳಿಯ ದಿಕ್ಕಿಗೇ ಇರಲಿ; ಅಡ್ಡಲಾಗಿದ್ದರೆ ಮೊದಲ ಸಾಲೇ ಗೋಡೆಯಾಗುತ್ತದೆ. ಓಣಿಯ ಒಳಗೆ 30 ಇಂಚಿನ ಗೋಡೆ ಫ್ಯಾನುಗಳನ್ನು ಎಂಟು-ಒಂಬತ್ತು ಅಡಿ ಎತ್ತರಕ್ಕೆ, ಸ್ವಲ್ಪ ಕೆಳಮುಖವಾಗಿ, ಸುಮಾರು 40 ಅಡಿಗೊಂದರಂತೆ ಕಟ್ಟಿ. ಎಲ್ಲವೂ ಎಕ್ಸಾಸ್ಟ್ ಕಡೆಗೇ ಮುಖ ಮಾಡಿರಬೇಕು, ಒಂದು ಎಸೆದದ್ದನ್ನು ಮುಂದಿನದು ಹಿಡಿಯುವಂತೆ. ಎದುರುಬದುರು ಇಟ್ಟರೆ ನಡುವೆ ಧೂಳು ಸುತ್ತುತ್ತದೆ, ಅಷ್ಟೆ.

20–24 ಅಡಿ ವ್ಯಾಸದ ಆ ದೊಡ್ಡ ಸೀಲಿಂಗ್ ಫ್ಯಾನುಗಳು ಈಗ ಎಲ್ಲರಿಗೂ ಬೇಕು. ಪ್ಯಾಕಿಂಗ್, ಡಿಸ್ಪ್ಯಾಚ್ ಜಾಗಕ್ಕೆ ಒಳ್ಳೆಯವು, ರ‍್ಯಾಕಿನ ಮೇಲೆ ದಂಡ. ರೆಕ್ಕೆ ನೆಲದಿಂದ 10 ಅಡಿಗಿಂತ ಮೇಲಿರಬೇಕು, ಸುತ್ತ ಮೂರು ಅಡಿ ಏನೂ ತಾಗಬಾರದು. ಫೋರ್ಕ್‌ಲಿಫ್ಟ್ ಓಡಾಡುವಲ್ಲಿ ಎತ್ತಿದ ಮಾಸ್ಟ್ (ಸರಕು ಎತ್ತುವ ಕಂಬ) ಅಳೆದೇ ಎತ್ತರ ಗೊತ್ತುಮಾಡಿ. ಪರ್ಲಿನ್‌ಗೆ, ಅಂದರೆ ಶೀಟು ಹೊರುವ ತೆಳು ಅಡ್ಡಪಟ್ಟಿಗೆ, ನೇತುಹಾಕಲೇಬೇಡಿ. ಮುಖ್ಯ ತೊಲೆಗೇ, ಅದೂ ಸ್ಟ್ರಕ್ಚರಲ್ ಎಂಜಿನಿಯರ್ ನೋಡಿದ ಮೇಲೆ, ಸೇಫ್ಟಿ ಕೇಬಲ್ ಸಮೇತ. ಬೆಂಕಿಗೆ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಇದ್ದರೆ ಫ್ಯಾನು ಅದರ ನಾಲ್ಕು ತಲೆಗಳ ನಟ್ಟನಡುವೆ ಬರಲಿ, ಫೈರ್ ಅಲಾರಂ ಆದ ಕೂಡಲೇ ಫ್ಯಾನು ನಿಲ್ಲುವಂತೆ ವೈರಿಂಗ್ ಮಾಡಿಸಿ. ದೀಪ ರೆಕ್ಕೆಯ ಮೇಲಿದ್ದರೆ ಬೆಳಕು ಮಿಣುಕಿ ತಲೆ ನೋಯುತ್ತದೆ. ಮೇಲಿನ ಬಿಸಿ ಹೊರಹೋಗುವ ವ್ಯವಸ್ಥೆ ಇಲ್ಲದೆ ಮಧ್ಯಾಹ್ನ ಇದನ್ನು ಓಡಿಸಿದರೆ ಶೀಟಿನಡಿಯ ಕಾವನ್ನೇ ಜನರ ತಲೆ ಮೇಲೆ ಇಳಿಸಿದ ಹಾಗೆ.

ಶೀಟು ಕಾದು ಮೇಲಿನಿಂದ ಸುಡುವ ಕಾವಿಗೆ ಫ್ಯಾನಿನಲ್ಲಿ ಮದ್ದಿಲ್ಲ. ಏಪ್ರಿಲ್ ಕೊನೆಯ ವಾರದ ಶೂನ್ಯ ನೆರಳಿನ ದಿನ ಸೂರ್ಯ ಇಲ್ಲಿ ನೆತ್ತಿಯ ಮೇಲೇ ಇರುತ್ತಾನೆ. ಏಟು ಬೀಳುವುದು ಗೋಡೆಗಲ್ಲ, ಛಾವಣಿಗೆ. ಶೀಟಿಗೆ ಬಿಳಿ ಬಣ್ಣವೋ ಇನ್ಸುಲೇಶನ್ನೋ ಬೇರೆ ಖರ್ಚು, ಆದರೆ ಮೂರನೇ ಫ್ಯಾನಿಗಿಂತ ಮೊದಲು ಅದನ್ನು ಯೋಚಿಸಿ.

ಪ್ರತಿ ಫ್ಯಾನಿಗೂ ಬೇರೆ ಸ್ಟಾರ್ಟರ್, ಕರೆಂಟು ಮಿತಿ ಮೀರಿದರೆ ಮೋಟರು ನಿಲ್ಲಿಸುವ ಓವರ್‌ಲೋಡ್ ರಿಲೇಯನ್ನು ಮೋಟರಿನ ಪ್ಲೇಟಿನಲ್ಲಿರುವ ಆಂಪಿಯರಿಗೇ ಹೊಂದಿಸಿ, ಜೊತೆಗೆ ಸಿಂಗಲ್ ಫೇಸ್ ಪ್ರಿವೆಂಟರ್. ಒಂದು ಫೇಸ್ ಹೋದಾಗ ಅದಿಲ್ಲದ ಮೋಟರು ಸುಟ್ಟೇ ತಿಳಿಸುತ್ತದೆ. ಥಿನ್ನರ್, ಸಾಲ್ವೆಂಟ್ ಇಡುವ ಗೋಡೌನಾದರೆ ಒಳಗಿನ ಕಿಡಿ ಹೊರಗೆ ಬೆಂಕಿ ಹಚ್ಚದ ಫ್ಲೇಮ್‌ಪ್ರೂಫ್ ಮೋಟರೇ ಬೇಕು. ಹೊಸದಾಗಿ ಕೂರಿಸಿದ ದಿನ ರೆಕ್ಕೆ ಯಾವ ಕಡೆ ತಿರುಗುತ್ತದೆ ನೋಡಿ. ಗಾಳಿ ಒಳಕ್ಕೆ ಬರುತ್ತಿದ್ದರೆ ಮೂರರಲ್ಲಿ ಯಾವುದಾದರೂ ಎರಡು ಫೇಸ್ ಅದಲುಬದಲು ಮಾಡಿದರೆ ಸರಿಯಾಗುತ್ತದೆ. ಲೈನಿನಲ್ಲಿ ದುರಸ್ತಿ ನಡೆದ ಮೇಲೂ ಒಮ್ಮೆ ಹೀಗೇ ನೋಡಿ.

ಕೊನೆಗೆ ಊದಿನಕಡ್ಡಿ ಹಚ್ಚಿ ಕಿಂಡಿಯಿಂದ ಎಕ್ಸಾಸ್ಟ್‌ವರೆಗೆ ನಡೆಯಿರಿ. ಬೆಂಕಿ ಹತ್ತುವ ಸರಕಿದ್ದರೆ ಹೊಲಿಗೆ ದಾರ ಸಾಕು. ಹೊಗೆ ಎಲ್ಲಿ ನಿಂತಲ್ಲೇ ಸುತ್ತುತ್ತದೋ ಅಲ್ಲಿ ಒಂದು ಗೋಡೆ ಫ್ಯಾನು ತಿರುಗಿಸಿ. ಜಾಲರಿಯನ್ನು ತಿಂಗಳಿಗೊಮ್ಮೆ ಒರೆಸಿ, ಪೀಣ್ಯದ ಧೂಳಿಗೆ ಹದಿನೈದು ದಿನಕ್ಕೇ ಬೇಕಾದೀತು. ಬೆಲ್ಟಿನಿಂದ ತಿರುಗುವ ಫ್ಯಾನಾದರೆ ಬೆಲ್ಟನ್ನು ಬೆರಳಲ್ಲಿ ಒತ್ತಿದಾಗ ಅರ್ಧ ಇಂಚು ತಗ್ಗಿದರೆ ಹದ. ಅದಕ್ಕಿಂತ ಸಡಿಲವಿದ್ದರೆ ಮೋಟರು ತಿರುಗುತ್ತದೆ, ರೆಕ್ಕೆ ಹಿಂದೆ ಬೀಳುತ್ತದೆ.