ಅಪಘಾತದ ಪರಿಹಾರ: ಕೋರ್ಟ್ ಮೆಟ್ಟಿಲು ಹತ್ತುವ ಮೊದಲೇ ಕೇಸು ಕೆಡಿಸಿಕೊಳ್ಳಬೇಡಿ

ನಮ್ಮದು ಸಣ್ಣ ವಕೀಲರ ಆಫೀಸು. ಒಬ್ಬರು ಸೀನಿಯರ್, ಒಬ್ಬರು ಜೂನಿಯರ್, ಗುಮಾಸ್ತ ನಾನು. ಬರುವವರಲ್ಲಿ ಜಾಸ್ತಿ ಜನ ಎರಡೇ ಬಗೆ. ಗಾಡಿ ಗುದ್ದಿಸಿಕೊಂಡವರು, ಸಾಲ ತಲೆಗೆ ಸುತ್ತಿಕೊಂಡವರು. ಎಷ್ಟೋ ಸಲ ಇಬ್ಬರೂ ಒಂದೇ ಮನೆಯವರು. ಕಾಲು ಮುರಿದ ಮೂರನೇ ತಿಂಗಳಿಗೆ ಹೆಂಡತಿಯ ಒಡವೆ ಬ್ಯಾಂಕಿನಲ್ಲಿರುತ್ತದೆ, ಊರಲ್ಲಿ ಕೈಸಾಲ, ಮೇಲೆ ಸಂಘದ ಕಂತು.

ಇಂಥವರು ಪ್ಲಾಸ್ಟಿಕ್ ಕವರಿನಿಂದ ಕಾಗದ ಸುರಿದಾಗ ನಾನು ಎಕ್ಸ್‌ರೇ ನೋಡುವುದಿಲ್ಲ, ಬಿಲ್ಲೂ ನೋಡುವುದಿಲ್ಲ. ಆಸ್ಪತ್ರೆಗೆ ಸೇರಿದ ರಾತ್ರಿ ಬರೆದ ಮೊದಲ ಚೀಟಿ ಹುಡುಕುತ್ತೇನೆ. ಕೇಸು ನಿಲ್ಲುತ್ತೋ ಬೀಳುತ್ತೋ ಅಂತ ಅರ್ಧಕ್ಕರ್ಧ ಅಲ್ಲೇ ಗೊತ್ತಾಗುತ್ತದೆ.

ಹೆಜ್ಜೆ 1: ಆಸ್ಪತ್ರೆಯಲ್ಲಿ ಏನು ಹೇಳುತ್ತೀರಿ

ಒಬ್ಬ ಗಾರೆ ಕೆಲಸದವನ ಕೇಸು ಹೇಳುತ್ತೇನೆ. ಸಂಜೆ ಕೆಲಸ ಮುಗಿಸಿ ಬೈಕಿನಲ್ಲಿ ಮನೆಗೆ ಹೋಗುತ್ತಿದ್ದ. ಹಿಂದಿನಿಂದ ಬಂದ ಗೂಡ್ಸ್ ಟೆಂಪೋ ಗುದ್ದಿತು. ಬಲಗಾಲಿನ ಎರಡೂ ಮೂಳೆ ಮುರಿದವು. ಭಾವಮೈದುನ ಆಟೋದಲ್ಲಿ ಹಾಕಿಕೊಂಡು ನರ್ಸಿಂಗ್ ಹೋಮಿಗೆ ಓಡಿದ. ಸಿಸ್ಟರ್ ಕೇಳಿದರು, 'ಏನಾಯ್ತು?' ಇವನು ಗಾಬರಿಯಲ್ಲಿ, 'ಬೈಕಿಂದ ಬಿದ್ದ ಸಿಸ್ಟರ್' ಅಂದ. ಸುಳ್ಳೇನಲ್ಲ, ಬಿದ್ದಿದ್ದು ನಿಜವೇ. ಸಿಸ್ಟರ್ ಬರೆದರು: 'ಸೆಲ್ಫ್ ಫಾಲ್ ಫ್ರಮ್ ಬೈಕ್'. ತಾನೇ ಬಿದ್ದ ಅಂತ.

ಎರಡು ವರ್ಷ ಆದಮೇಲೆ ಅದೇ ಚೀಟಿ ಇನ್ಷೂರೆನ್ಸ್ ಕಂಪನಿಯ ವಕೀಲರ ಕೈಯಲ್ಲಿತ್ತು. ಪಾಟಿ ಸವಾಲಿನಲ್ಲಿ ಅವರು ದನಿ ಕೂಡ ಏರಿಸಲಿಲ್ಲ. 'ಇದನ್ನು ನಿಮ್ಮ ಮನೆಯವರೇ ಹೇಳಿ ಬರೆಸಿದ್ದು, ಹೌದೋ ಅಲ್ಲವೋ?' ಹೌದು ಅನ್ನಲೇಬೇಕು. ಆಮೇಲೆ ಅವರ ವಾದ ಸಲೀಸು. ಈತ ತಾನೇ ಬಿದ್ದಿದ್ದಾನೆ, ದುಡ್ಡಿನ ಆಸೆಗೆ ಟೆಂಪೋ ನಂಬರ್ ಆಮೇಲೆ ಸೇರಿಸಿದ್ದಾರೆ ಅಂತ.

ಹಾಗಾಗಿ ಕ್ಯಾಶುವಾಲ್ಟಿಯಲ್ಲಿ ಕೇಳಿದಾಗ 'ಬಿದ್ದ' ಅನ್ನಬೇಡಿ, 'ಗುದ್ದಿತು' ಅನ್ನಿ. ಯಾವ ಗಾಡಿ, ಯಾವ ಕಡೆಯಿಂದ ಬಂತು, ಯಾವ ಜಾಗ, ಎಷ್ಟು ಹೊತ್ತಿಗೆ, ಇಷ್ಟು ಸಾಕು. ನಂಬರ್ ಗೊತ್ತಿದ್ದರೆ ಹೇಳಿ. ಗೊತ್ತಿಲ್ಲದಿದ್ದರೆ 'ಬಿಳೀ ಟೆಂಪೋ, ನಂಬರ್ ನೋಡಿಲ್ಲ' ಅಂತಲೇ ಹೇಳಿ, ಊಹೆ ಮಾಡಿ ಹೇಳಬೇಡಿ, ಒಂದು ಅಂಕಿ ತಪ್ಪಿದರೂ ಅದನ್ನೇ ಹಿಡಿದು ಜಗ್ಗುತ್ತಾರೆ. ಬರೆದಮೇಲೆ, 'ಏನು ಬರೆದಿರಿ, ಸ್ವಲ್ಪ ಓದಿ ಹೇಳಿ ಸಿಸ್ಟರ್' ಅಂತ ಕೇಳಿ. ಬೈದರೆ ಬೈಸಿಕೊಳ್ಳಿ. ತಪ್ಪು ಬರೆದಿದ್ದರೆ ಡ್ಯೂಟಿ ಡಾಕ್ಟರ ಹತ್ತಿರ ಅವತ್ತೇ ತಿದ್ದಿಸಿ, ತಿದ್ದಿದ ಜಾಗದಲ್ಲಿ ಅವರ ಸಹಿ, ತಾರೀಖು ಇರಲಿ. ಡಿಸ್ಚಾರ್ಜ್ ದಿನ ಗೊತ್ತಾಯಿತಾ? ಆಸ್ಪತ್ರೆಗೆ ಒಂದು ಅರ್ಜಿ ಬರೆದು ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ, ಪೊಲೀಸರ ಮುಂದೆ ಕೊಡುವ ಹೇಳಿಕೆಯಲ್ಲೂ ಆ ತಪ್ಪಿನ ಮಾತು ಬರಲಿ. ಒಬ್ಬ ಪುಣ್ಯಾತ್ಮ ವೈಟ್ನರ್ ಹಚ್ಚಿಕೊಂಡು ಬಂದಿದ್ದ. ಅದರ ಕಥೆ ಬೇಡ ಬಿಡಿ.

ಕೆಲವು ನರ್ಸಿಂಗ್ ಹೋಮುಗಳಲ್ಲಿ ಇನ್ನೊಂದು ಕಾಟ. 'ಆಕ್ಸಿಡೆಂಟ್ ಅಂದ್ರೆ ಪೊಲೀಸ್ ಕೇಸಾಗುತ್ತೆ, ಬಿದ್ದಿದ್ದು ಅಂತ ಬರ್ಕೊಳ್ಳೋಣ' ಅಂತ ಅವರೇ ಹೇಳಿಕೊಡುತ್ತಾರೆ. ಒಪ್ಪಬೇಡಿ. ಮೊದಲು ಜೀವ ಉಳಿಸಿ, ಕಾಗದ ಆಮೇಲೆ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಕೇಸು, ಅಂತ ನಮೂದಿಸಿ ಠಾಣೆಗೆ ತಿಳಿಸುವುದು ಆಸ್ಪತ್ರೆಯ ಕೆಲಸ. 2025ರ ಮೇ ತಿಂಗಳಿಂದ ಕೇಂದ್ರದ ನಗದುರಹಿತ ಚಿಕಿತ್ಸೆ ಯೋಜನೆಯೂ ಇದೆ. ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ಏಳು ದಿನದವರೆಗೆ 1.5 ಲಕ್ಷ ರೂಪಾಯಿಯ ಚಿಕಿತ್ಸೆ ಸಿಗಬೇಕು. ಅದಕ್ಕೂ ಇದು ರಸ್ತೆ ಅಪಘಾತ ಅಂತ ದಾಖಲಾಗಲೇಬೇಕು.

ನಿಜವಾಗಿ ತಾನೇ ಬಿದ್ದಿದ್ದರೆ? ಆಗ ಬೇರೆ ಯಾರದೋ ಇನ್ಷೂರೆನ್ಸ್ ಇರುವ ಗಾಡಿ ತಂದು ತೋರಿಸುವವರು ಇದ್ದಾರೆ, ಅದಕ್ಕಂತಲೇ ಬ್ರೋಕರ್‌ಗಳೂ ಇದ್ದಾರೆ. ಅದು ವಂಚನೆ, ಜೈಲಿಗೆ ಹೋಗುವ ಕೆಲಸ. ನಿಮ್ಮದೇ ಬೈಕಿನ ಪಾಲಿಸಿ ತೆಗೆದು ನೋಡಿ. ಮಾಲೀಕನೇ ಓಡಿಸುತ್ತಿದ್ದರೆ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಅದರಲ್ಲಿರಬಹುದು. ಸಾವು ಅಥವಾ ಶಾಶ್ವತ ಅಂಗವೈಕಲ್ಯ ಆದರೆ ಅದು ಬರುತ್ತದೆ. ಪಾಲಿಸಿ ಮಾಡಿಸುವಾಗ ನಾಲ್ಕು ಕಾಸು ಉಳಿಸೋಕೆ ಅದನ್ನೇ ತೆಗೆಸುವವರನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಹೆಜ್ಜೆ 2: ಠಾಣೆ

ದೂರು ಬೇಗ ಕೊಡಿ. ತಡವಾದರೆ ಯಾಕೆ ತಡವಾಯಿತು ಅಂತ ಒಂದು ಸಾಲು ದೂರಿನಲ್ಲೇ ಬರೆಯಿರಿ, 'ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದರಲ್ಲಿ ಇದ್ದುದರಿಂದ' ಅಂತ. ಎಫ್‌ಐಆರ್ ತಡವಾಯಿತು ಅನ್ನುವ ಒಂದೇ ಕಾರಣಕ್ಕೆ ಕ್ಲೇಮು ತಳ್ಳಿಹಾಕಬಾರದು ಅಂತ ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದೆ, ಆದರೆ ತಡಕ್ಕೆ ಕಾರಣ ಕಾಗದದ ಮೇಲೆ ಇರಬೇಕಲ್ಲ.

ರಸ್ತೆಯಲ್ಲೇ ರಾಜಿ ಬೇಡ. ಹತ್ತು ಸಾವಿರ ಕೈಗಿಟ್ಟು ಬಿಳೀ ಹಾಳೆಯ ಮೇಲೆ ಸಹಿ ಹಾಕಿಸಿಕೊಳ್ಳುತ್ತಾರೆ. ಆಪರೇಷನ್ ಬಿಲ್ಲು ಲಕ್ಷ ದಾಟಿದಾಗ ಆ ಹಾಳೆ ಕೋರ್ಟಿಗೆ ಬರುತ್ತದೆ.

ಮಹಜರು ಮಾಡುವಾಗ ನಿಮ್ಮ ಕಡೆಯವರು ಒಬ್ಬರು ಸ್ಥಳದಲ್ಲಿರಲಿ. ನಕ್ಷೆಯಲ್ಲಿ ನಿಮ್ಮ ಬೈಕು ರಸ್ತೆಯ ಯಾವ ಬದಿ ಇದೆ ಅನ್ನುವುದು ಮುಂದೆ ಲಕ್ಷಗಳ ಲೆಕ್ಕ. ಆಮೇಲೆ ಎಫ್‌ಐಆರ್, ದೂರು, ಮಹಜರು, ನಕ್ಷೆ, ವೂಂಡ್ ಸರ್ಟಿಫಿಕೇಟ್, ಗಾಡಿ ತಪಾಸಣೆಯ ಐಎಂವಿ ರಿಪೋರ್ಟ್, ಚಾರ್ಜ್‌ಶೀಟ್ ಎಲ್ಲದರ ನಕಲು ತೆಗೆಸಿ. ಎದುರು ಗಾಡಿಗೆ ವಿಮೆ ಇದೆಯಾ ಅಂತ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ತಿಳಿಯುತ್ತದೆ.

ಗುದ್ದಿದ ಗಾಡಿ ಪತ್ತೆಯೇ ಆಗದಿದ್ದರೂ ಕೈಚೆಲ್ಲಬೇಡಿ. 2022ರ ಹಿಟ್ ಅಂಡ್ ರನ್ ಯೋಜನೆಯಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ಇದೆ. ಅರ್ಜಿ ಹಾಕುವುದು ಕೋರ್ಟಿಗಲ್ಲ, ಕಂದಾಯ ಇಲಾಖೆಯ ಅಧಿಕಾರಿಗೆ.

ಹೆಜ್ಜೆ 3: ಬಿಲ್ಲು

ಎಲ್ಲ ಅಸಲಿ ಬಿಲ್ಲು ಒಂದು ಫೈಲಿನಲ್ಲಿ, ತಾರೀಖಿನ ಪ್ರಕಾರ. ಥರ್ಮಲ್ ಪೇಪರ್ ಬಿಲ್ಲು ಆರು ತಿಂಗಳಿಗೆ ಬಿಳಿಚಿಕೊಳ್ಳುತ್ತದೆ, ಅವತ್ತೇ ಜೆರಾಕ್ಸ್ ಮಾಡಿಸಿ.

ಹೆಜ್ಜೆ 4: ವಕೀಲರು

ಆಸ್ಪತ್ರೆ ಬಾಗಿಲಲ್ಲಿ ಕಾರ್ಡು ಕೊಟ್ಟು 'ಒಂದು ಪೈಸೆ ಬೇಡ, ಬಂದಿದ್ದರಲ್ಲಿ ಮೂವತ್ತು ಪರ್ಸೆಂಟ್' ಅನ್ನುವವರನ್ನು ದೂರ ಇಡಿ. ಗೆದ್ದ ಹಣದಲ್ಲಿ ಪಾಲು ಕೇಳುವುದಕ್ಕೆ ಬಾರ್ ಕೌನ್ಸಿಲ್ ನಿಯಮದಲ್ಲೇ ಅವಕಾಶವಿಲ್ಲ. ಹೀಗೆ ಜಾಹೀರಾತು ಮಾಡಿ ಕೇಸು ಹಿಡಿಯುವುದಕ್ಕೂ ಇಲ್ಲ. ಫೀಸು ಎಷ್ಟು ಅಂತ ಮೊದಲೇ ಮಾತಾಡಿ, ಕಂತಿನಲ್ಲಿ ಕೊಡಿ. ದುಡ್ಡೇ ಇಲ್ಲ ಅಂದರೆ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಹೆಣ್ಣುಮಕ್ಕಳಿಗಾದರೆ ಆದಾಯ ಎಷ್ಟಿದ್ದರೂ ಅಲ್ಲಿ ಉಚಿತ ವಕೀಲರು ಸಿಗುತ್ತಾರೆ.

ವಕಾಲತ್ತಿಗೆ ಸಹಿ ಹಾಕಿ. ಖಾಲಿ ಚೆಕ್ಕಿಗೆ, ಖಾಲಿ ಹಾಳೆಗೆ ಬೇಡ.

ಹೆಜ್ಜೆ 5: ಅರ್ಜಿ ಹಾಕುವುದು

ಅಪಘಾತ ಆದ ಊರಿನಲ್ಲೇ ಕೇಸು ಹಾಕಬೇಕು ಅಂತಿಲ್ಲ. ತುಮಕೂರಿನ ಹತ್ತಿರ ಗುದ್ದಿಸಿಕೊಂಡ ಹಾವೇರಿಯವರು ಹಾವೇರಿಯಲ್ಲೇ ಎಂವಿಸಿ, ಅಂದರೆ ಅಪಘಾತ ಪರಿಹಾರದ ಕೇಸು, ಹಾಕಬಹುದು. ಮೋಟಾರು ವಾಹನ ಕಾಯ್ದೆಯ 166ನೇ ಕಲಂ ಪ್ರಕಾರ ಅಪಘಾತದ ದಿನದಿಂದ ಆರು ತಿಂಗಳ ಒಳಗೆ ಅರ್ಜಿ ಹಾಕಬೇಕು. 2022ರ ಏಪ್ರಿಲ್ 1ರಿಂದ ಈ ಗಡುವು ಬಂದಿದೆ. ಇದರ ವಿರುದ್ಧ ಸುಪ್ರೀಂ ಕೋರ್ಟಿನಲ್ಲಿ ತಕರಾರು ನಡೆದಿದೆ ನಿಜ. ಆದರೂ ಅದನ್ನು ನಂಬಿಕೊಂಡು ಕೂರಬೇಡಿ, ಬಡ್ಡಿ ಲೆಕ್ಕ ಹಾಕುವುದೂ ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದಲೇ.

ತಪ್ಪು ಯಾರದು ಅಂತ ಸಾಬೀತು ಮಾಡುವ ಗೋಜೇ ಬೇಡ ಅಂದರೆ 164ನೇ ಕಲಂ ಇದೆ, ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ. ಅದನ್ನು ತೆಗೆದುಕೊಂಡರೆ 166ರ ದಾರಿ ಮುಚ್ಚುತ್ತದೆ. ಕಾಗದ ಗಟ್ಟಿ ಇದ್ದರೆ 166ಕ್ಕೇ ಹೋಗಿ ಅಂತ ನಾನು ಹೇಳುತ್ತೇನೆ.

ಹೆಜ್ಜೆ 6: 'ಪರ್ಸೆಂಟೇಜ್' ಅನ್ನುವ ಗೊಂದಲ

ಜನ ಎರಡನೇ ಸಲ ಎಡವುವುದು ಇಲ್ಲಿ. ಡಾಕ್ಟರು ಸರ್ಟಿಫಿಕೇಟಿನಲ್ಲಿ ಅಂಗವೈಕಲ್ಯ 30 ಪರ್ಸೆಂಟ್ ಅಂತ ಬರೆದುಕೊಟ್ಟರೆ ದುಡಿಮೆಯಲ್ಲಿ 30 ಪರ್ಸೆಂಟ್ ಕೊಡುತ್ತಾರೆ ಅಂದುಕೊಳ್ಳುತ್ತಾರೆ. ಹಾಗಲ್ಲ. ಅದು ಒಂದು ಕಾಲಿನ ಲೆಕ್ಕ. ನಮ್ಮ ಕಡೆ ಕೋರ್ಟುಗಳು ಸಾಮಾನ್ಯವಾಗಿ ಅದರ ಮೂರನೇ ಒಂದು ಭಾಗವನ್ನು ಇಡೀ ದೇಹಕ್ಕೆ ಹಿಡಿಯುತ್ತವೆ, ಅಂದರೆ 10.

ನಮ್ಮ ಗಾರೆಯವನಿಗೆ 34 ವರ್ಷ, ತಿಂಗಳ ದುಡಿಮೆ 15,000 ಅಂತ ಹಿಡಿಯೋಣ. ವರ್ಷಕ್ಕೆ 1,80,000. ಸುಪ್ರೀಂ ಕೋರ್ಟ್ 2009ರಲ್ಲಿ ಸರಳಾ ವರ್ಮಾ ಕೇಸಿನಲ್ಲಿ ಕೊಟ್ಟ ಕೋಷ್ಟಕದಲ್ಲಿ 31ರಿಂದ 35 ವಯಸ್ಸಿಗೆ ಗುಣಕ 16. ಗುಣಿಸಿದರೆ 28,80,000. ಅದರಲ್ಲಿ 10 ಪರ್ಸೆಂಟ್ ಅಂದರೆ 2,88,000. ಆಸ್ಪತ್ರೆ ಖರ್ಚು, ನೋವು, ಕೆಲಸವಿಲ್ಲದ ತಿಂಗಳುಗಳ ಸಂಬಳ ಇವೆಲ್ಲ ಬೇರೆ.

ಈಗ ನೋಡಿ. ಕುರ್ಚಿಯಲ್ಲಿ ಕೂತು ಲೆಕ್ಕ ಬರೆಯುವವನಿಗೂ ಸಾರುವೆ ಹತ್ತಿ ಇಟ್ಟಿಗೆ ಕಟ್ಟುವವನಿಗೂ ಅದೇ ಕಾಲು ಮುರಿದರೆ ನಷ್ಟ ಒಂದೇನಾ? ಅಲ್ಲ ಅಲ್ವಾ? 2010ರಲ್ಲಿ ತೀರ್ಮಾನವಾದ ರಾಜ್‌ಕುಮಾರ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ. ಕಾಲಿಗೆ ಎಷ್ಟು ಊನ ಅನ್ನುವುದಕ್ಕಿಂತ ಅದರಿಂದ ಆತನ ದುಡಿಮೆಗೆ ಎಷ್ಟು ಪೆಟ್ಟು ಬಿತ್ತು ಅಂತ ನೋಡಬೇಕು. ಕೋರ್ಟು ಅದನ್ನು 20 ಅಂತ ಒಪ್ಪಿದರೆ ಮೊತ್ತ 5,76,000. ಒಪ್ಪಿಸುವುದು ಹೇಗೆ? ಕೆಲಸ ಕೊಡುತ್ತಿದ್ದ ಮೇಸ್ತ್ರಿಯನ್ನು ಸಾಕ್ಷಿಗೆ ಕರೆಸಿ. ಕಾರ್ಮಿಕ ಮಂಡಳಿಯ ಕಾರ್ಡು, ಬಟವಾಡೆ ಬರೆದಿಟ್ಟ ಪುಸ್ತಕ, ಫೋನ್‌ಪೇಯಲ್ಲಿ ಬಂದ ವಾರದ ಕೂಲಿ, ಏನಿದ್ದರೂ ತನ್ನಿ. ಏನೂ ಇಲ್ಲದಿದ್ದರೆ ಅಪಘಾತದ ವರ್ಷಕ್ಕೆ ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ಪಟ್ಟಿಯಲ್ಲಿರುವ ಅಂದಾಜು ಆದಾಯವನ್ನು ಹಿಡಿಯುತ್ತಾರೆ. ನುರಿತ ಗಾರೆಯವನಿಗೆ ಅದು ಯಾವಾಗಲೂ ಕಮ್ಮಿಯೇ.

ಸರ್ಟಿಫಿಕೇಟ್ ಆಪರೇಷನ್ ಮಾಡಿದ ಡಾಕ್ಟರದ್ದೇ ಇರಲಿ. ಅವರು ಕೋರ್ಟಿಗೆ ಬರಲು ಒಪ್ಪದಿದ್ದರೆ ಸಮನ್ಸ್ ಕೊಡಿಸಬಹುದು, ಅಥವಾ ಸರ್ಕಾರಿ ಆಸ್ಪತ್ರೆಯ ಮೂಳೆ ಡಾಕ್ಟರ ಹತ್ತಿರ ಹೋಗಿ. ದುಡ್ಡು ಕೊಟ್ಟರೆ ಕೇಳಿದಷ್ಟು ಪರ್ಸೆಂಟ್ ಬರೆಯುವ, ಕಾಲನ್ನು ಒಮ್ಮೆಯೂ ಮುಟ್ಟಿ ನೋಡದ ಡಾಕ್ಟರುಗಳ ಬಗ್ಗೆ ಅದೇ ತೀರ್ಪಿನಲ್ಲಿ ಎಚ್ಚರಿಕೆ ಇದೆ. ಅಂಥವರ ಹೆಸರು ಕೋರ್ಟಿನಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. 45 ಬರೆಸಿಕೊಂಡು ಬಂದು 8ಕ್ಕೆ ಇಳಿದವರನ್ನು ಕಂಡಿದ್ದೇನೆ.

ನಡುವೆ ಒಂದು ಮಾತು: 'ಪಾಪರ್' ಆಗುವ ಪ್ರಶ್ನೆ

ಕೇಸು ಮುಗಿಯುವ ತನಕ ಸಾಲಗಾರರು ಕಾಯುವುದಿಲ್ಲ. 'ಪಾಪರ್ ಅಂತ ಬರ್ಕೊಟ್ಬಿಡ್ಲಾ ಸಾರ್' ಅಂತ ತಿಂಗಳಿಗೊಬ್ಬರಾದರೂ ಕೇಳುತ್ತಾರೆ. 2016ರ ದಿವಾಳಿ ಸಂಹಿತೆ ಕಂಪನಿಗಳಿಗೆ ಜಾರಿಯಲ್ಲಿದೆ, ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ 2019ರ ಡಿಸೆಂಬರ್‌ನಿಂದ. ಮಾಮೂಲಿ ಜನರ ಭಾಗವನ್ನು ಜಾರಿಗೆ ತಂದಿಲ್ಲ. ನಮಗೆ ಉಳಿದಿರುವುದು 1920ರ ಹಳೇ ಕಾಯ್ದೆ. ಅದರಲ್ಲಿ ಅರ್ಜಿ ಹಾಕಿದರೂ ಅಡವಿಟ್ಟ ಒಡವೆಯ ಮೇಲೆ ಬ್ಯಾಂಕಿನ ಹಕ್ಕು ಹೋಗುವುದಿಲ್ಲ, ಊರಲ್ಲಿ ಹೆಸರು ಮಾತ್ರ ಹೋಗುತ್ತದೆ. ಬ್ಯಾಂಕಿಗೆ ಹೋಗಿ ಅಪಘಾತದ ಕಾಗದ ತೋರಿಸಿ, ಕಂತು ಮುಂದೂಡಲು ಲಿಖಿತವಾಗಿ ಕೇಳಿ. ಎಷ್ಟೋ ಮ್ಯಾನೇಜರ್‌ಗಳು ಒಪ್ಪುತ್ತಾರೆ.

ಹೆಜ್ಜೆ 7: ಲೋಕ ಅದಾಲತ್

ಇಲ್ಲಿ ಕಂಪನಿಯ ಜೊತೆ ರಾಜಿಗೆ ಒಪ್ಪಿದರೆ ಮೇಲ್ಮನವಿ ಇಲ್ಲ. ಅದಕ್ಕೇ ಮೇಲಿನ ಗುಣಾಕಾರವನ್ನು ನೀವೇ ಒಂದು ಚೀಟಿಯಲ್ಲಿ ಮಾಡಿಕೊಂಡು ಹೋಗಿ. ಲೆಕ್ಕಕ್ಕಿಂತ ಹತ್ತು, ಹದಿನೈದು ಪರ್ಸೆಂಟ್ ಕಮ್ಮಿಯಾದರೂ ಕೈಗೆ ಬೇಗ ಬರುತ್ತದೆ ಅಂದರೆ ನಾನು ಒಪ್ಪಿಕೊಳ್ಳಿ ಅನ್ನುತ್ತೇನೆ. ಅರ್ಧಕ್ಕೆ ಇಳಿಸಿದರೆ ಎದ್ದು ಬನ್ನಿ.

ಹೆಜ್ಜೆ 8: ಹಣ

ತೀರ್ಪು ಬಂದಮೇಲೆ ಕಂಪನಿ ಹಣವನ್ನು ಕೋರ್ಟಿಗೆ ಕಟ್ಟಬೇಕು. ಕಟ್ಟದಿದ್ದರೆ ತೀರ್ಪನ್ನು ಜಾರಿ ಮಾಡಿಸಲು ಅಮಲ್ಜಾರಿ ಅರ್ಜಿ. ಪರಿಹಾರ ಕೊಡದ ಸಾರಿಗೆ ಬಸ್ಸನ್ನು ಕೋರ್ಟ್ ಅಮೀನರು ನಿಲ್ದಾಣದಲ್ಲೇ ಜಪ್ತಿ ಮಾಡಿದ ಸುದ್ದಿ ಪೇಪರಿನಲ್ಲಿ ಓದಿರುತ್ತೀರಲ್ಲ, ಅದು ಇದೇ ಹಂತ. ಮೊತ್ತದ ಒಂದು ಭಾಗವನ್ನು ಠೇವಣಿ ಇಡಲು ಕೋರ್ಟು ಹೇಳಬಹುದು. ಸಿಟ್ಟಾಗಬೇಡಿ, ಮಗಳ ಮದುವೆ, ಎರಡನೇ ಆಪರೇಷನ್ ಅಂತ ಸರಿಯಾದ ಕಾರಣ ತೋರಿಸಿ ಅರ್ಜಿ ಹಾಕಿದರೆ ಬಿಡಿಸಿಕೊಳ್ಳಬಹುದು.

ಹಣ ನೇರವಾಗಿ ನಿಮ್ಮ ಖಾತೆಗೇ ಬರಲಿ. ಖಾತೆಗೆ ಜೋಡಿಸಿದ ಮೊಬೈಲ್ ನಂಬರ್ ನಿಮ್ಮದೇನಾ ಅಂತ ಬ್ಯಾಂಕಿನಲ್ಲಿ ಮೊದಲೇ ಕೇಳಿಕೊಳ್ಳಿ. ನಮ್ಮ ಗಾರೆಯವನ ಖಾತೆಗೆ ಭಾವಮೈದುನನ ನಂಬರ್ ಇತ್ತು. ದುಡ್ಡು ಬಂದ ಮೆಸೇಜು ಅವನಿಗೆ ಹೋಯಿತು, ಇವನು ಇನ್ನೂ ಹನ್ನೊಂದು ದಿನ ನಮ್ಮ ಆಫೀಸಿಗೆ ಫೋನ್ ಮಾಡಿ 'ಬಂತಾ ಸಾರ್?' ಅಂತ ಕೇಳುತ್ತಲೇ ಇದ್ದ.