ಗದಾಯುದ್ಧಕ್ಕೆ ಮುಂಚೆಯೇ ಬಂದು ಕೂರಿ: ಬಾಕ್ಸಿಂಗ್ ಟೈಟಲ್ ಫೈಟ್ ನೋಡುವುದು ಹೇಗೆ?

ನಮ್ಮ ತುಮಕೂರು ಸೀಮೆಯಲ್ಲಿ ಊರಹಬ್ಬಕ್ಕೆ ಪೌರಾಣಿಕ ನಾಟಕ ಕಟ್ಟಿಸಿದವರಿಗೆ ಗೊತ್ತು, ಭೀಮ–ದುರ್ಯೋಧನರ ಗದಾಯುದ್ಧ ಬರುವುದು ಕೋಳಿ ಕೂಗುವ ಹೊತ್ತಿಗೆ. ಅದೊಂದನ್ನೇ ನೋಡೋಣ ಅಂತ ಅಲಾರಂ ಇಟ್ಟುಕೊಂಡು ಬಂದವನಿಗೆ ಸಿಗುವುದು ಇಬ್ಬರು ಸುಸ್ತಾದ ಪಾತ್ರಧಾರಿಗಳು ಮತ್ತು ತೂಕಡಿಸುವ ಹಾರ್ಮೋನಿಯಂ ಮೇಷ್ಟ್ರು. ರಾತ್ರಿಯೇ ಚಾಪೆ ಹಾಸಿ ಕೂತವನಿಗೆ ಮಾತ್ರ ದುರ್ಯೋಧನ ಯಾಕೆ ಹಾಗೆ ಅಬ್ಬರಿಸುತ್ತಾನೆ ಅಂತ ತಿಳಿಯುತ್ತದೆ. ಚಾಂಪಿಯನ್ ಪಟ್ಟಕ್ಕೆ ನಡೆಯುವ ಟೈಟಲ್ ಫೈಟ್ ಕೂಡ ಹಾಗೇ.

ನಾನಿದನ್ನು ಕಲಿತದ್ದು ಕೆಟ್ಟ ಮೇಲೆ. ಒಂದು ಭಾನುವಾರ ನಾಲ್ಕು ಜನ ಗೆಳೆಯರು ಎಸ್.ಎಸ್. ಪುರಂನ ಮನೆಯಲ್ಲಿ ಸೇರಿದ್ದೆವು. ‘ಮೇನ್ ಇವೆಂಟ್ ಒಂದು ನೋಡಿದರೆ ಸಾಕು, ಉಳಿದದ್ದೆಲ್ಲ ಜಾಳು’ ಎಂದವನು ನಾನೇ. ಬೈಕ್ ಹತ್ತಿ ಕ್ಯಾತ್ಸಂದ್ರಕ್ಕೆ ತಟ್ಟೆ ಇಡ್ಲಿ ತರಲು ಹೋದೆ. ವಾಪಸ್ ಬಂದಾಗ ಮೂವರೂ ಸಾವಿನ ಮನೆಗೆ ಹೋಗಿ ಬಂದವರ ಹಾಗೆ ಕೂತಿದ್ದರು. ಎರಡನೇ ರೌಂಡಿಗೇ ನಾಕೌಟ್. ಇಡ್ಲಿ ಇನ್ನೂ ಬಿಸಿಯಾಗಿತ್ತು, ಬೆಣ್ಣೆ ಕರಗುತ್ತಿತ್ತು. ಟಿವಿಯಲ್ಲಿ ರೀಪ್ಲೇ ಓಡುತ್ತಿತ್ತು.

ಮೊದಲು ಗಡಿಯಾರ

ಪೋಸ್ಟರಿನಲ್ಲಿ ‘ಶನಿವಾರ’ ಅಂತಿದ್ದರೆ ನಮಗೆ ಅದು ಹೆಚ್ಚುಕಮ್ಮಿ ಭಾನುವಾರ. ಲಾಸ್ ವೇಗಸ್‌ನಲ್ಲಿ ರಾತ್ರಿ ಎಂಟು ಎಂದರೆ ಅಲ್ಲಿನ ಬೇಸಿಗೆಯಲ್ಲಿ ನಮಗೆ ಬೆಳಿಗ್ಗೆ ಎಂಟೂವರೆ, ಚಳಿಗಾಲದಲ್ಲಿ ಒಂಬತ್ತೂವರೆ. ಇದು ಸುಖದ ಹೊತ್ತು. ಲಂಡನ್ನಿನ ರಾತ್ರಿ ಹತ್ತು ನಮಗೆ ಬೇಸಿಗೆಯಲ್ಲಿ ಎರಡೂವರೆ, ಚಳಿಗಾಲದಲ್ಲಿ ಮೂರೂವರೆ. ರಿಯಾದ್‌ನ ನಡುರಾತ್ರಿಯೂ ನಮ್ಮ ಎರಡೂವರೆಯೇ. ಟೋಕಿಯೊ ಒಂದೇ ದಯಾಳು. ಅಲ್ಲಿನ ರಾತ್ರಿ ಒಂಬತ್ತಕ್ಕೆ ನಾವಿನ್ನೂ ಸಂಜೆ ಐದೂವರೆಯ ಕಾಫಿ ಕುಡಿಯುತ್ತಿರುತ್ತೇವೆ.

ಗಂಡಸರ ಟೈಟಲ್ ಫೈಟ್ ಎಂದರೆ ಹನ್ನೆರಡು ರೌಂಡ್, ತಲಾ ಮೂರು ನಿಮಿಷ, ನಡುವೆ ಒಂದೊಂದು ನಿಮಿಷ ವಿರಾಮ. ಪೂರ್ತಿ ನಡೆದರೆ 47 ನಿಮಿಷ. ಮೊದಲು ಹದಿನೈದು ರೌಂಡ್ ಇತ್ತು. 1982ರಲ್ಲಿ ರೇ ಮ್ಯಾನ್ಸಿನಿಯ ಎದುರು ಆಡಿದ ಕೊರಿಯಾದ ಕಿಮ್ ದುಕ್ ಕೂ ಹದಿನಾಲ್ಕನೇ ರೌಂಡಿನಲ್ಲಿ ಬಿದ್ದು, ಕೆಲವು ದಿನಗಳಲ್ಲಿ ತೀರಿಕೊಂಡ. ಆಮೇಲೆ ಒಂದೊಂದೇ ಸಂಸ್ಥೆ ಹನ್ನೆರಡಕ್ಕೆ ಇಳಿಯಿತು.

ಯಾವ ಬೆಲ್ಟು?

ಇದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಬೆಲ್ಟು ಎಂದರೆ ಚಾಂಪಿಯನ್ ಪಟ್ಟ; ಅದನ್ನು ಕೊಡುವವರಲ್ಲಿ ಲೆಕ್ಕಕ್ಕೆ ಬರುವ ಸಂಸ್ಥೆಗಳು ನಾಲ್ಕು: ಡಬ್ಲ್ಯೂಬಿಎ, ಡಬ್ಲ್ಯೂಬಿಸಿ, ಐಬಿಎಫ್, ಡಬ್ಲ್ಯೂಬಿಒ. ನಾಲ್ಕೂ ಒಬ್ಬನ ಹತ್ತಿರ ಇದ್ದರೆ ‘ಅನ್‌ಡಿಸ್ಪ್ಯೂಟೆಡ್’, ಅಂದರೆ ಎದುರಿಲ್ಲದ ಚಾಂಪಿಯನ್. ‘ಇಂಟೆರಿಮ್’, ‘ರೆಗ್ಯುಲರ್’ ಎಂಬ ಬಾಲ ಕಂಡರೆ ಅದು ಉಪಮುಖ್ಯಮಂತ್ರಿ ಸ್ಥಾನ ಇದ್ದ ಹಾಗೆ ಅಂದುಕೊಂಡು ಮುಂದೆ ಹೋಗಿ.

ತೂಕದ ದಿನ ತಪ್ಪಿಸಬೇಡಿ

ಫೈಟಿನ ಹಿಂದಿನ ದಿನ ತೂಕ ಹಾಕುತ್ತಾರೆ. ಹತ್ತು ನಿಮಿಷದ ವಿಡಿಯೊ, ಆದರೆ ಅರ್ಧ ಕಥೆ ಅಲ್ಲೇ ಇರುತ್ತದೆ. ವೆಲ್ಟರ್‌ವೇಟ್ ಎಂಬ ತೂಕದ ವರ್ಗದ ಮಿತಿ 147 ಪೌಂಡ್, ಅಂದರೆ ಸುಮಾರು 66.7 ಕಿಲೊ. ಅಲ್ಲಿ ನಿಲ್ಲುವವನ ಸಹಜ ತೂಕ ಅದಕ್ಕಿಂತ ಎಷ್ಟೋ ಹೆಚ್ಚು. ತಿಪಟೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಹಸಿ ಕಾಯಿ ಕೊಬ್ಬರಿಯಾದಾಗ ಹೋಗುವುದು ನೀರಿನ ತೂಕ, ಇವರೂ ಕೊನೆಯ ದಿನಗಳಲ್ಲಿ ಹಾಗೇ ಒಣಗುತ್ತಾರೆ. ತಕ್ಕಡಿ ಇಳಿದ ಕೂಡಲೇ ನೀರು, ಅನ್ನ, ಉಪ್ಪು.

ಹೊಟ್ಟೆಯ ಕಟ್ಟು ನೋಡಿ ಮೋಸ ಹೋಗಬೇಡಿ, ಮುಖ ನೋಡಿ. ಕೆನ್ನೆ ಒಳಗೆ ಹೋಗಿದೆಯೇ? ತುಟಿ ಬಿರಿದಿದೆಯೇ? ಮೆಟ್ಟಿಲು ಇಳಿಯುವಾಗ ಇನ್ನೊಬ್ಬರ ಹೆಗಲು ಹಿಡಿಯುತ್ತಾನೆಯೇ? ಹಾಗಿದ್ದರೆ ಎಂಟನೇ ರೌಂಡಿನ ಆಚೆ ಅವನ ಕಾಲಿನ ಮೇಲೆ ಕಣ್ಣಿಡಿ. ಚಾಂಪಿಯನ್ನೇ ತೂಕ ತಪ್ಪಿದರೆ ಬೆಲ್ಟು ತಕ್ಕಡಿಯ ಮೇಲೇ ಹೋಗುತ್ತದೆ; ಮರುದಿನ ಎದುರಾಳಿ ಗೆದ್ದರೆ ಅವನಿಗೆ ಸಿಗುತ್ತದೆ, ಇಲ್ಲದಿದ್ದರೆ ಖಾಲಿ ಬೀಳುತ್ತದೆ.

ಅಂಡರ್‌ಕಾರ್ಡ್ ಓದುವ ಬಗೆ

ಮೇನ್ ಇವೆಂಟಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇರುವ ಹೆಸರುಗಳೇ ಅಂಡರ್‌ಕಾರ್ಡ್. ಅಲ್ಲಿ ಹೆಸರಿಗಿಂತ ಮೊದಲು ರೌಂಡಿನ ಸಂಖ್ಯೆ ನೋಡಿ. ನಾಲ್ಕು ರೌಂಡ್ ಎಂದರೆ ಈಗಷ್ಟೇ ವೃತ್ತಿಗೆ ಬಂದವನು. ಆರು, ಎಂಟು ಎಂದರೆ ಮೇಲೆ ಹತ್ತುತ್ತಿರುವವನು. ಹತ್ತು ಎಂದರೆ ಬಾಗಿಲು ತಟ್ಟುತ್ತಿದ್ದಾನೆ. ಹನ್ನೆರಡು ಇದ್ದರೆ ಸಾಮಾನ್ಯವಾಗಿ ಅಲ್ಲೂ ಒಂದು ಬೆಲ್ಟಿದೆ.

ಆಮೇಲೆ ದಾಖಲೆ, ಅಂದರೆ ಗೆಲುವು–ಸೋಲಿನ ಲೆಕ್ಕ. 9–0 ಇರುವ ಹುಡುಗನ ಎದುರು 12–25ರವನನ್ನು ನಿಲ್ಲಿಸಿದ್ದರೆ, ಸೋಲಲು ದುಡ್ಡು ಕೊಟ್ಟಿದ್ದಾರೆ ಅಂತ ಮೂಗು ಮುರಿಯುವವರೇ ಜಾಸ್ತಿ. ನಾನು ಹುಡುಗನನ್ನು ಬಿಟ್ಟು ಆ ಇಪ್ಪತ್ತೈದು ಸೋತವನನ್ನೇ ನೋಡುತ್ತೇನೆ. ಅವನಿಗೆ ‘ಜರ್ನಿಮನ್’ ಅನ್ನುತ್ತಾರೆ. ಹೊಡೆತ ಬೀಳುವ ಮೊದಲೇ ಭುಜ ತಿರುಗಿಸುತ್ತಾನೆ. ತಬ್ಬಿಕೊಂಡಾಗ ಹುಡುಗನ ಕುತ್ತಿಗೆಯ ಮೇಲೆ ತನ್ನ ಭಾರವೆಲ್ಲ ಹಾಕುತ್ತಾನೆ. ರೆಫರಿ ಆ ಕಡೆ ಇದ್ದಾಗ ಮುಂಗಾಲನ್ನು ಮೆಲ್ಲಗೆ ತುಳಿಯುತ್ತಾನೆ. ಆ ಹುಡುಗ ಮುಂದೆ ಚಾಂಪಿಯನ್ ಆದರೆ, ಅಕ್ಷರ ಕಲಿಸಿದ ಮೇಷ್ಟ್ರುಗಳಲ್ಲಿ ಇವನೂ ಒಬ್ಬ.

ಸ್ವಿಂಗ್ ಬೌಟ್ ಎಂಬುದೊಂದಿದೆ. ಅದಕ್ಕೆ ಹೊತ್ತು ಗೊತ್ತಿಲ್ಲ. ಮುಂಚಿನ ಫೈಟುಗಳು ಬೇಗ ಮುಗಿದು ಟಿವಿಯವರ ಸಮಯ ಉಳಿದರೆ ಇವರನ್ನು ಕಳಿಸುತ್ತಾರೆ. ಕೃಷ್ಣನ ಮೇಕಪ್ ಮುಗಿಯದಿದ್ದರೆ ಹಾಸ್ಯದವನನ್ನು ಸ್ಟೇಜಿಗೆ ತಳ್ಳುವುದಿಲ್ಲವೇ, ಹಾಗೆ. ಕೈಗೆ ಬಟ್ಟೆ ಸುತ್ತಿಕೊಂಡು, ಬೆವರು ಆರದಂತೆ ಮೈ ಬಿಸಿ ಇಟ್ಟುಕೊಂಡು ಗಂಟೆಗಟ್ಟಲೆ ಕಾಯಬೇಕು. ಕೆಲವೊಮ್ಮೆ ಸರದಿ ಬರುವುದು ಮೇನ್ ಇವೆಂಟ್ ಮುಗಿದು ಜನ ಎದ್ದು ಹೋಗುವಾಗ.

ಅಂಡರ್‌ಕಾರ್ಡ್ ಮೇನ್ ಇವೆಂಟನ್ನೇ ನುಂಗಿದ್ದನ್ನೂ ನೋಡಿದ್ದೇವೆ. 2024ರ ನವೆಂಬರ್ 15ರಂದು ಟೆಕ್ಸಾಸಿನ ಆರ್ಲಿಂಗ್‌ಟನ್‌ನಲ್ಲಿ ಜಗತ್ತು ಕಾದದ್ದು 58ರ ಮೈಕ್ ಟೈಸನ್‌ಗಾಗಿ. ಯೂಟ್ಯೂಬ್‌ನಿಂದ ರಿಂಗಿಗೆ ಬಂದ ಜೇಕ್ ಪಾಲ್ ಎದುರಿನ ಆ ಎಂಟು ರೌಂಡುಗಳನ್ನು ನೆನೆದರೆ ನನಗೆ ಈಗಲೂ ಆಕಳಿಕೆ ಬರುತ್ತದೆ. ಆದರೆ ಅದಕ್ಕೆ ಮುಂಚೆ ಕೇಟಿ ಟೇಲರ್ ಮತ್ತು ಅಮಾಂಡಾ ಸೆರಾನೊ ಹತ್ತು ರೌಂಡ್ ಬಡಿದಾಡಿದ್ದರು. ಸೆರಾನೊಳ ಬಲಗಣ್ಣಿನ ಮೇಲೆ ಆಳವಾದ ಗಾಯ, ತಲೆ ಡಿಕ್ಕಿಗೆ ಟೇಲರ್‌ಗೆ ಒಂದು ಪಾಯಿಂಟ್ ಕಡಿತ, ಕೊನೆಗೆ ಮೂವರು ಜಡ್ಜ್‌ಗಳ ಹಾಳೆಯಲ್ಲೂ 95–94, ಟೇಲರ್‌ಗೆ ಜಯ. ಅದೇ ಕಾರ್ಡಿನಲ್ಲಿ ಹರಿಯಾಣದ ನೀರಜ್ ಗೋಯತ್ ಆರು ರೌಂಡ್ ಆಡಿ ಗೆದ್ದ. ಮೇನ್ ಇವೆಂಟಿಗೆಂದೇ ಎದ್ದವರಿಗೆ ನಮ್ಮವನೊಬ್ಬ ರಿಂಗಿಗೆ ಇಳಿದಿದ್ದೂ ಗೊತ್ತಾಗಲಿಲ್ಲ.

ನೋಟ್‌ಬುಕ್ ತೆರೆಯಿರಿ, ವಾಲ್ಯೂಮ್ ಮುಚ್ಚಿ

ಇದು ನನ್ನ ಹಟ. ಕಾಮೆಂಟರಿ ಕೇಳುತ್ತಾ ನೋಡಿದರೆ ನೀವು ನೋಡುವುದು ಕಾಮೆಂಟೇಟರ್ ನೋಡಿದ ಫೈಟ್. ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಎಳೆಯಿರಿ, ಕೆಂಪು ಮೂಲೆ, ನೀಲಿ ಮೂಲೆ. ರೌಂಡ್ ಗೆದ್ದವನಿಗೆ 10, ಸೋತವನಿಗೆ 9. ಒಮ್ಮೆ ಬಿದ್ದರೆ ಸಾಮಾನ್ಯವಾಗಿ 8. ಗಂಟೆ ಬಾರಿಸಿದ ತಕ್ಷಣ ಬರೆಯಿರಿ, ಆಮೇಲೆ ತಿದ್ದಬೇಡಿ. ಜಡ್ಜ್‌ಗಳಿಗೂ ಆ ಸೌಲಭ್ಯ ಇಲ್ಲ.

ಯಾರಿಗೆ ಕೊಡುವುದು? ಸದ್ದು ಮಾಡಿದವನಿಗಲ್ಲ. ಇಪ್ಪತ್ತು ಏಟು ಗ್ಲೋವ್ ಮೇಲೆ, ತೋಳಿನ ಮೇಲೆ ಬಿದ್ದರೆ ಅದು ಬಟ್ಟೆ ಒಗೆದ ಲೆಕ್ಕ. ಪಕ್ಕೆಲುಬಿನ ಕೆಳಗೆ ಶುದ್ಧವಾಗಿ ಬಿದ್ದ ಮೂರು ಏಟು ಅದಕ್ಕಿಂತ ದೊಡ್ಡದು. ಗುರುತಿಸುವುದು ಸುಲಭ: ಒಳ್ಳೆಯ ಬಾಡಿ ಪಂಚ್ ತಿಂದವನ ಮೊಣಕೈ ತಾನಾಗಿ ಕೆಳಗೆ ಬರುತ್ತದೆ.

ಲೆಕ್ಕ ರುಚಿಯಾಗುವುದು ಕೊನೆಯಲ್ಲಿ. 115–113 ಎಂದರೆ ಏಳು ರೌಂಡ್ ಒಬ್ಬನಿಗೆ, ಐದು ಇನ್ನೊಬ್ಬನಿಗೆ. 116–112 ಎಂದರೆ ಎಂಟು–ನಾಲ್ಕು. ಈಗ 2024ರ ಮೇ 18ರ ರಿಯಾದ್ ಫೈಟ್ ತೆಗೆದುಕೊಳ್ಳಿ, ಒಲೆಕ್ಸಾಂಡರ್ ಉಸಿಕ್ ಮತ್ತು ಟೈಸನ್ ಫ್ಯೂರಿ, ಹೆವಿವೇಟ್‌ನ ನಾಲ್ಕೂ ಬೆಲ್ಟು ಪಣಕ್ಕೆ. ಜಡ್ಜ್‌ಗಳು ಕೊಟ್ಟದ್ದು ಉಸಿಕ್‌ಗೆ 115–112, ಉಸಿಕ್‌ಗೆ 114–113, ಫ್ಯೂರಿಗೆ 114–113. ಒಂಬತ್ತನೇ ರೌಂಡಿನಲ್ಲಿ ಫ್ಯೂರಿ ಹಗ್ಗಕ್ಕೆ ಒರಗಿ ತತ್ತರಿಸಿದಾಗ ರೆಫರಿ ಅದನ್ನು ನಾಕ್‌ಡೌನ್, ಅಂದರೆ ಬಿದ್ದ ಲೆಕ್ಕ ಎಂದು ಎಣಿಸಿದ್ದ. ಆ ಎಣಿಕೆ ಇಲ್ಲದೆ ಉಸಿಕ್ ಆ ರೌಂಡನ್ನು ಬರೀ 10–9ರಲ್ಲಿ ಗೆದ್ದಿದ್ದರೆ? ಫ್ಯೂರಿಗೆ ಪ್ರತಿ ಹಾಳೆಯಲ್ಲೂ ಒಂದೊಂದು ಅಂಕ ಸೇರಿಸಿ: 115–113 ಉಸಿಕ್‌ಗೆ, 114–114 ಸಮ, 115–113 ಫ್ಯೂರಿಗೆ. ಒಟ್ಟು ಡ್ರಾ. ಹನ್ನೆರಡು ರೌಂಡಿನ ಹೊಡೆದಾಟ ನಿಂತಿದ್ದು ಒಂದು ಎಣಿಕೆಯ ಮೇಲೆ. ಪೆನ್ನು ಹಿಡಿದು ಕೂರದಿದ್ದರೆ ಇದು ಹೊಳೆಯುವುದಿಲ್ಲ.

ವಿರಾಮದ ಒಂದು ನಿಮಿಷ

ಆ ನಿಮಿಷದಲ್ಲಿ ಫೋನ್ ನೋಡಬೇಡಿ, ಮೂಲೆ ನೋಡಿ. ಕಟ್‌ಮ್ಯಾನ್ ಎಂಬವನು ಐಸಿನಲ್ಲಿ ಅದ್ದಿಟ್ಟ ಪುಟ್ಟ ಲೋಹದ ತುಂಡನ್ನು, ಇಸ್ತ್ರಿಪೆಟ್ಟಿಗೆಯ ಮರಿಯಂತಿರುತ್ತದೆ, ಊದಿದ ಕಣ್ಣಿನ ಕೆಳಗೆ ಒತ್ತುತ್ತಾನೆ. ಗಾಯಕ್ಕೆ ಅಡ್ರಿನಲಿನ್ ಅದ್ದಿದ ಹತ್ತಿಕಡ್ಡಿ ಇಟ್ಟು, ಮೇಲೆ ವ್ಯಾಸಲೀನ್ ಬಳಿಯುತ್ತಾನೆ. ಸ್ಟೂಲಿನ ಮೇಲೆ ಕೂತವನ ಕಣ್ಣು ಕೋಚ್‌ನ ಮುಖದ ಮೇಲಿದೆಯೇ, ಎದುರು ಮೂಲೆಯ ಮೇಲಿದೆಯೇ, ಎಲ್ಲೂ ಇಲ್ಲವೇ? ಎಲ್ಲೂ ಇಲ್ಲದಿದ್ದರೆ ಕೋಚ್ ಎಷ್ಟೇ ಕಿರುಚಲಿ, ಕೇಳಿಸುತ್ತಿಲ್ಲ.

ಗೆದ್ದೇ ಗೆಲ್ಲುತ್ತಾನೆ ಅನ್ನಿಸಿಕೊಂಡ ಹುಲಿಯನ್ನೇ ನಂಬಿ ಕೂರಬೇಡಿ ಅನ್ನುವುದಕ್ಕೆ ಟೋಕಿಯೊ ಸಾಕ್ಷಿ. 1990ರ ಫೆಬ್ರುವರಿಯಲ್ಲಿ, ಸೋಲೇ ಕಾಣದ ಟೈಸನ್‌ನನ್ನು ಬಸ್ಟರ್ ಡಗ್ಲಸ್ ಹತ್ತನೇ ರೌಂಡಿನಲ್ಲಿ ಕೆಡವಿದ್ದು ಅಲ್ಲಿನ ಟೋಕಿಯೊ ಡೋಮ್‌ನಲ್ಲಿ. ಅದಕ್ಕೂ ಮುನ್ನ ಎಂಟನೇ ರೌಂಡಿನಲ್ಲಿ ಡಗ್ಲಸ್ಸೇ ನೆಲ ಕಂಡಿದ್ದ. 2024ರ ಮೇನಲ್ಲಿ ಅದೇ ಡೋಮ್‌ನಲ್ಲಿ ಜಪಾನಿನ ಚಾಂಪಿಯನ್ ನವೋಯಾ ಇನೋಯೆ ಮೊದಲ ರೌಂಡಿಗೇ ಬಿದ್ದು, ಎದ್ದು, ಆರನೆಯದರಲ್ಲಿ ಲೂಯಿಸ್ ನೆರಿಯನ್ನು ಮುಗಿಸಿದ.

ಇನ್ನು ಇಡ್ಲಿಯ ವಿಷಯ. ಅಂಡರ್‌ಕಾರ್ಡಿನ ಕೊನೆಯ ಫೈಟ್ ಮುಗಿದ ಮೇಲೆ ರಾಷ್ಟ್ರಗೀತೆ, ಪರಿಚಯ, ದೀಪ, ಹೊಗೆ, ರಿಂಗ್‌ಗೆ ನಡೆದು ಬರುವ ಮೆರವಣಿಗೆ ಅಂತ ಅರ್ಧ ಗಂಟೆ ಹತ್ತಿರ ಹೋಗುತ್ತದೆ. ಹೋಗುವುದಿದ್ದರೆ ಆಗಲೇ ಹೋಗಿ. ಭಾನುವಾರ ಕ್ಯಾತ್ಸಂದ್ರದಲ್ಲಿ ಕ್ಯೂ ಉದ್ದವಿದ್ದರೆ ಇಡ್ಲಿ ಬಿಟ್ಟು ಗಾಡಿ ತಿರುಗಿಸಿ. ಮನೆಯಲ್ಲಿ ನಿನ್ನೆಯ ಚಿತ್ರಾನ್ನ ಇದ್ದೇ ಇರುತ್ತದೆ.